‘ಮಂಡೆ ಬೆಚ್ಚ’ ಎಂದ ಮಗುವಿಗೆ ಮನೆಯ ಮೊದಲ ಮಾತು ಯಾವುದು?

ನಮ್ಮ ಕರಾವಳಿಯಲ್ಲಿ ಮನಸ್ಸಿನ ಕಷ್ಟಕ್ಕೆ ಎಲ್ಲರೂ ಬಳಸುವ ಒಂದು ಮಾತುಂಟು: ಮಂಡೆ ಬೆಚ್ಚ. ಬಸ್ಸು ತಪ್ಪಿದರೂ ಮಂಡೆ ಬೆಚ್ಚ, ಬ್ಯಾಂಕಿನ ಕಂತು ಬಾಕಿಯಾದರೂ ಮಂಡೆ ಬೆಚ್ಚ, ಮೂರು ತಿಂಗಳಿಂದ ರಾತ್ರಿ ಕಣ್ಣು ಮುಚ್ಚಲಿಕ್ಕೆ ಆಗದಿದ್ದರೂ ಮಂಡೆ ಬೆಚ್ಚ. ಅದರಾಚೆಗೆ ಹೋದರೆ ಮತ್ತೆ ಸಿಗುವ ಪದ ನೇರವಾಗಿ ‘ಮರ್ಲ್’. ಅಂದರೆ ಹುಚ್ಚು. ಈ ಎರಡರ ನಡುವೆ ನಮ್ಮ ಮನೆಗಳಲ್ಲಿ ಪದವೇ ಇಲ್ಲ. ಕಾಲೇಜಿಗೆ ಹೋಗುವ ಹುಡುಗನಿಗೆ, ನಿಕಾಹ್ ನಿಶ್ಚಯವಾದ ಹುಡುಗಿಗೆ, ಗಲ್ಫಿನಿಂದ ರಜೆಗೆ ಬಂದು ವಾಪಸು ಹೋಗಲು ಹೆದರುತ್ತಿರುವ ಯುವಕನಿಗೆ ಆಗುತ್ತಿರುವುದು ಹೆಚ್ಚಾಗಿ ಈ ನಡುವಿನ ಕಷ್ಟವೇ. ಮಂಡೆ ಬೆಚ್ಚ ಅಂದರೆ ಯಾರೂ ಕಿವಿಗೊಡುವುದಿಲ್ಲ. ಇನ್ನೂ ಸ್ವಲ್ಪ ಹೆಚ್ಚು ಹೇಳಿದರೆ ಮರ್ಲ್ ಅಂದುಬಿಡುತ್ತಾರೆ ಎಂಬ ಹೆದರಿಕೆ. ಹಾಗಾಗಿ ಮಕ್ಕಳು ಮನಸ್ಸಿನ ವಿಷಯ ಬಿಟ್ಟು ದೇಹದ ವಿಷಯ ಹೇಳುತ್ತಾರೆ. ಹೊಟ್ಟೆ ಉಬ್ಬರ, ತಲೆನೋವು, ಎದೆ ಹಿಡಿದ ಹಾಗೆ, ಕೈಕಾಲು ಜುಂ ಅನ್ನುವುದು, ಊಟ ಸೇರದಿರುವುದು.

ಇದು ನಾಟಕ ಅಲ್ಲ. ಆತಂಕ ಹೆಚ್ಚಾದಾಗ ಎದೆ ನಿಜವಾಗಿಯೂ ಬಡಿದುಕೊಳ್ಳುತ್ತದೆ, ಉಸಿರು ನಿಜವಾಗಿಯೂ ಕಟ್ಟುತ್ತದೆ, ಬೆವರು ಇಳಿಯುತ್ತದೆ. ಖಿನ್ನತೆಯಲ್ಲಿ ಮೈಕೈ ನೋವು ನಿಜವಾಗಿಯೇ ಇರುತ್ತದೆ. ಆದರೆ ದೇಹದ ಬಾಗಿಲಿನಿಂದ ಒಳಗೆ ಬಂದ ಕಷ್ಟ ಮನಸ್ಸಿನ ವೈದ್ಯರನ್ನು ಮುಟ್ಟುವಷ್ಟರಲ್ಲಿ ಎಷ್ಟು ಸುತ್ತು ಹೊಡೆಯುತ್ತದೆ ನೋಡಿ. ಮೊದಲು ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ. ಆಮೇಲೆ ಊರಿನ ಡಾಕ್ಟರ್, ಒಂದು ಇಸಿಜಿ, ರಕ್ತ ಪರೀಕ್ಷೆ, ‘ಎಲ್ಲ ನಾರ್ಮಲ್ ಉಂಟು, ಟೆನ್ಶನ್ ಮಾಡಬೇಡಿ’. ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆ, ಎಂಡೋಸ್ಕೋಪಿ. ಅಲ್ಲಿಯೂ ನಾರ್ಮಲ್. ಆಗ ಮಾಮಿಯೋ ನೆರೆಮನೆಯವರೋ ಹೇಳುತ್ತಾರೆ: ಇದು ಡಾಕ್ಟರ ಕೈಯಲ್ಲಿ ಆಗುವಂಥದ್ದಲ್ಲ, ಕಣ್ಣು ಬಿದ್ದಿದೆ, ಯಾರೋ ಏನೋ ಮಾಡಿಸಿದ್ದಾರೆ. ನೂಲು, ಮಂತ್ರಿಸಿದ ನೀರು, ದೂರದ ಒಬ್ಬರು ತಂಙಳ್. ಮನೋವೈದ್ಯರ ಸರದಿ ಬರುವುದು ಕೊನೆಗೆ. ಹುಡುಗ ಕಾಲೇಜು ಬಿಟ್ಟ ಮೇಲೆ, ಅಥವಾ ಮನೆಯಲ್ಲಿ ಏನಾದರೂ ಅನಾಹುತ ಆದ ಮೇಲೆ.

ಇದು ಬ್ಯಾರಿಗಳ ಮನೆಯಲ್ಲಿ ಮಾತ್ರ ಆಗುವುದು ಅಂತ ಯಾರೂ ತಿಳಿಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ತಲಪಾಡಿ ದಾಟಿದರೆ ಸಿಗುವ ಕೇರಳ ಇತ್ತು. ಮಾನಸಿಕ ತೊಂದರೆ ಇರುವವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ಅನುಗುಣವಾಗಿ, ಶೇ. 70ರಿಂದ 92ರವರೆಗೆ ಎಂದು ಅದು ಲೆಕ್ಕ ಹಾಕಿತು. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. 60 ಮಕ್ಕಳಿರುವ ಒಂದು ಹೈಸ್ಕೂಲ್ ತರಗತಿಯನ್ನು ಊಹಿಸಿಕೊಳ್ಳಿ. ಅದರಲ್ಲಿ ನಾಲ್ಕು ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 18 ವರ್ಷದೊಳಗೆ ಶುರುವಾಗಿರುತ್ತವೆ. ನಾವು ‘ಆ ಪ್ರಾಯವೇ ಹಾಗೆ, ಮದುವೆ ಆದರೆ ಸರಿಯಾಗ್ತದೆ’ ಅಂತ ಕಾಯುತ್ತಿರುವುದು ಸರಿಯಾಗಿ ಆ ವರ್ಷಗಳಲ್ಲೇ.

ಹಾಗಾದರೆ ಹುಡುಗರು ಸಹಾಯವೇ ಕೇಳುವುದಿಲ್ಲವೇ? ಕೇಳುತ್ತಾರೆ. ನಾವು ಗಮನಿಸುವುದಿಲ್ಲ, ಅಷ್ಟೇ. ಅವರು ಮೊದಲು ಹೇಳುವುದು ಡಾಕ್ಟರಿಗೆ ಅಲ್ಲ, ಗೆಳೆಯನಿಗೆ, ತಂಗಿಗೆ, ತೀರಾ ಆಗದಾಗ ಉಮ್ಮನಿಗೆ. ಅದೂ ಅಡುಗೆಕೋಣೆಯಲ್ಲಿ, ನೀರುದೋಸೆ ಹೊಯ್ಯುತ್ತಿರುವಾಗ, ಅರ್ಧ ತಮಾಷೆಯಲ್ಲಿ: ‘ಉಮ್ಮಾ, ನನಗೆ ಯಾವುದೂ ಬೇಡ ಅನಿಸ್ತದೆ.’ ಆಗ ಬರುವ ಉತ್ತರದ ಮೇಲೆ ಮುಂದಿನ ಆರು ತಿಂಗಳು ನಿಂತಿರುತ್ತದೆ.

ಮೂರು ಉತ್ತರಗಳು

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬರುವ ಉತ್ತರಗಳು ಮೂರು. ಯಾವ ತಾಯಿಯೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ.

ಒಂದು, ‘ಅಸ್ತಗ್‌ಫಿರುಲ್ಲಾಹ್, ಅಂಥ ಮಾತು ಆಡಬಾರದು, ಹರಾಂ.’ ಎರಡು, ‘ಐದು ವಖ್ತ್ ಸರಿಯಾಗಿ ನಮಾಝ್ ಮಾಡು, ಕುರ್‌ಆನ್ ಓದು, ಮೊಬೈಲ್ ಬಿಡು, ಎಲ್ಲ ಸರಿಯಾಗ್ತದೆ.’ ಮೂರನೆಯದು ಇದೆಲ್ಲಕ್ಕಿಂತ ಭಾರದ್ದು: ‘ನಿನಗೆ ಎಂತ ಕಮ್ಮಿ ಉಂಟು? ಉಪ್ಪ ಅಲ್ಲಿ ಬಿಸಿಲಲ್ಲಿ ಬೇಯ್ತಾ ಇದ್ದಾರೆ, ಯಾರಿಗೋಸ್ಕರ?’

ಈ ಮೂರನೆಯ ಮಾತು ಕೇಳಿದ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ. ಅವನಿಗೆ ಮೊದಲೇ ತನ್ನ ಮೇಲೆ ಅಸಹ್ಯ. ಉಪ್ಪ ಬಹರೈನ್‌ನಲ್ಲೋ ರಿಯಾದ್‌ನಲ್ಲೋ ಇಪ್ಪತ್ತು ವರ್ಷ ದುಡಿದ ಹಣದಲ್ಲಿ ತಾನು ಸೀಟು ಪಡೆದಿದ್ದೇನೆ, ಓದಲಿಕ್ಕೆ ಆಗುತ್ತಿಲ್ಲ ಎಂಬ ಸಂಕಟ ಮೊದಲೇ ಉಂಟು. ಅದರ ಮೇಲೆ ಇನ್ನೊಂದು ಕಲ್ಲು ಇಟ್ಟ ಹಾಗೆ ಆಗುತ್ತದೆ. ಈಮಾನ್ ಕಡಿಮೆ ಆದ್ದರಿಂದ ಹೀಗಾಯಿತು ಅಂದರೂ ಅಷ್ಟೇ. ಖಿನ್ನತೆಯ ಲಕ್ಷಣಗಳಲ್ಲಿ ಒಂದು, ಮೊದಲು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ನಮಾಝ್‌ನಲ್ಲಿ ಮನಸ್ಸು ನಿಲ್ಲದಿರುವುದು ಕಾಯಿಲೆಯ ಕಾರಣ ಅಲ್ಲ, ಹಲವು ಸಲ ಕಾಯಿಲೆಯ ಗುರುತು. ಕಾಲು ಮುರಿದವನಿಗೆ ‘ಸರಿಯಾಗಿ ನಡಿ, ಕಾಲು ಸರಿಯಾಗ್ತದೆ’ ಅಂದರೆ ಹೇಗೋ ಹಾಗೆ.

ಬದಲಿಗೆ ಎಂತ ಹೇಳಬೇಕು? ದೊಡ್ಡ ಮಾತು ಬೇಡ. ಒಲೆ ಸಣ್ಣ ಮಾಡಿ, ತಿರುಗಿ ನೋಡಿ, ‘ಎಷ್ಟು ದಿನದಿಂದ ಹೀಗೆ?’ ಅಂತ ಕೇಳಿದರೆ ಸಾಕು. ಮತ್ತೆ ಸುಮ್ಮನಿದ್ದು ಕೇಳಿ. ನಿದ್ದೆ ಹೇಗುಂಟು, ಊಟ ಹೇಗುಂಟು, ಕ್ಲಾಸಿಗೆ ಹೋಗಲಿಕ್ಕೆ ಆಗ್ತದಾ ಅಂತ ಕೇಳಿ. ಎರಡು ವಾರಕ್ಕಿಂತ ಹೆಚ್ಚು ದಿನದಿಂದ ದಿನದ ಬಹುಪಾಲು ಹೀಗೆಯೇ ಇದ್ದರೆ ಅದು ‘ಮೂಡ್’ ಅಲ್ಲ, ತೋರಿಸಬೇಕಾದ ವಿಷಯ.

ಇನ್ನೊಂದು ಪ್ರಶ್ನೆ ಕೇಳಲಿಕ್ಕೆ ಎಲ್ಲರಿಗೂ ಬಾಯಿ ಬರುವುದಿಲ್ಲ: ‘ಸಾಯಬೇಕು ಅಂತ ಅನಿಸ್ತದಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ನಾವು ಹೆದರುತ್ತೇವೆ. ಹಾಗಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಮನೋವೈದ್ಯರೂ ಇದನ್ನು ನೇರವಾಗಿ ಕೇಳಿ ಅಂತಲೇ ಹೇಳುತ್ತಾರೆ. ಕೇಳಿದರೆ ಒಳಗಿದ್ದದ್ದು ಹೊರಗೆ ಬರಲಿಕ್ಕೆ ದಾರಿಯಾಗುತ್ತದೆ. ‘ಹೌದು’ ಅಂದರೆ ಬೈಯಬೇಡಿ, ಅಳಬೇಡಿ, ಒಬ್ಬನನ್ನೇ ಬಿಡಬೇಡಿ. ಮನೆಯ ಮಾತ್ರೆ, ತೋಟದ ಮದ್ದು ಎಲ್ಲ ಬೀಗದೊಳಗೆ ಇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹರಾಮಾ ಹಲಾಲಾ ಎಂಬ ಚರ್ಚೆಗೆ ಅದು ಹೊತ್ತಲ್ಲ.

ದುವಾ ಮತ್ತು ದವಾ

ದೀನ್‌ನ ಹೆಸರಿನಲ್ಲಿ ಮನಸ್ಸಿನ ಚಿಕಿತ್ಸೆಗೆ ತಡೆ ಹಾಕುವವರು ಒಂದು ವಿಷಯ ನೆನಪಿಡಬೇಕು. ಕಣ್ಣೀರನ್ನು ಈಮಾನ್‌ನ ಕೊರತೆ ಎಂದು ನಮ್ಮ ದೀನ್ ಹೇಳಿಲ್ಲ. ಮಗ ಯೂಸುಫ್‌ರನ್ನು ಕಳಕೊಂಡ ಯಾಕೂಬ್ (ಅ.ಸ.) ಅತ್ತು ಅತ್ತು ಕಣ್ಣಿನ ದೃಷ್ಟಿ ಹೋದದ್ದನ್ನು ಕುರ್‌ಆನ್ ಹೇಳುತ್ತದೆ, ಅದಕ್ಕಾಗಿ ಅವರನ್ನು ಜರೆಯುವುದಿಲ್ಲ. ಖದೀಜಾ (ರ.ಅ.) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಇತಿಹಾಸ ‘ದುಃಖದ ವರ್ಷ’ ಎಂದೇ ಕರೆಯುತ್ತದೆ. ಅಲ್ಲಾಹನು ಮದ್ದಿಲ್ಲದ ಕಾಯಿಲೆ ಇಳಿಸಿಲ್ಲ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬ ಪ್ರವಾದಿ (ಸ.ಅ.) ಅವರ ಬೋಧನೆಯನ್ನು ನಾವು ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ಧಾರಾಳವಾಗಿ ಹೇಳುತ್ತೇವೆ. ಮನಸ್ಸಿಗೆ ಬಂದಾಗ ಯಾಕೆ ಮರೆಯುವುದೋ ಗೊತ್ತಿಲ್ಲ.

ಇದು ಹೊಸ ಕಾಲದವರು ಕಟ್ಟಿದ ವಾದವೂ ಅಲ್ಲ. ಸಾವಿರ ವರ್ಷಕ್ಕೂ ಹಿಂದೆ, ಈಗಿನ ಅಫ್ಘಾನಿಸ್ತಾನದ ಬಲ್ಖ್‌ನವರಾದ ಅಬೂ ಝೈದ್ ಅಲ್ ಬಲ್ಖೀ (ನಿಧನ ಕ್ರಿ.ಶ. 934) ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಗೊತ್ತಾಗದೆ ಮನುಷ್ಯನನ್ನು ಹಿಡಿದುಕೊಳ್ಳುವ ದುಃಖ ಬೇರೆ ಎಂದು ಅವರು ಅಂದೇ ಬಿಡಿಸಿ ಹೇಳಿದ್ದರು. ಎರಡನೆಯದು ದೇಹದಿಂದ ಬರುವಂಥದ್ದು, ಅದಕ್ಕೆ ದೇಹದ ಮದ್ದೂ ಬೇಕು ಎಂಬುದು ಅವರ ಅಭಿಪ್ರಾಯ. ‘ನಿನಗೆ ಎಂತ ಕಮ್ಮಿ ಉಂಟು’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯವರಿಗೆ ಬೇರೆ ವಾರ್ಡೇ ಇತ್ತು.

ಹಾಗಂತ ಉಸ್ತಾದರ ಹತ್ತಿರ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ! ದುವಾದಿಂದ ನೆಮ್ಮದಿ ಸಿಗುತ್ತದೆ. ಅದೂ ಅಲ್ಲದೆ ಮಕ್ಕಳು ಮನೆಯ ಹೊರಗೆ ಬಾಯಿಬಿಡುವ ಮೊದಲ ಹಿರಿಯರು ಅನೇಕ ಸಲ ಮದ್ರಸದ ಉಸ್ತಾದರೇ. ಗುಜರಾತಿನ ಉನಾವದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಹೆಸರಿನ ಯೋಜನೆ ನಡೆದಿದೆ. ದರ್ಗಾಕ್ಕೆ ಕರೆತಂದ ರೋಗಿಯನ್ನು ಅಲ್ಲಿನ ಮುಜಾವರರೇ ದುವಾ ಮಾಡಿ, ಆವರಣದಲ್ಲೇ ಕುಳಿತಿರುವ ಮನೋವೈದ್ಯರ ಬಳಿಗೂ ಕಳುಹಿಸುತ್ತಾರೆ. ಅವರನ್ನು ಯಾರೂ ‘ನಿಮ್ಮದು ಸುಳ್ಳು’ ಅನ್ನಲಿಲ್ಲ, ಜೊತೆಗೆ ಸೇರಿಸಿಕೊಂಡರು. ನಮ್ಮ ಜಮಾಅತ್‌ಗಳು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡುತ್ತವೆ. ಮದ್ರಸ ಉಸ್ತಾದರಿಗೆ ಒಂದು ದಿನ ಮನೋವೈದ್ಯರಿಂದ ಮಾಹಿತಿ ಕೊಡಿಸುವುದು ಅದಕ್ಕಿಂತ ಕಷ್ಟದ ಕೆಲಸ ಏನಲ್ಲ.

ಆದರೆ ಎರಡು ಗೆರೆ ದಾಟಬಾರದು. ನೂಲು ಕಟ್ಟಿದವರು ‘ಇಂಗ್ಲಿಷ್ ಮದ್ದು ನಿಲ್ಲಿಸಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಜಿನ್ನ್ ಬಿಡಿಸುತ್ತೇನೆ ಅಂತ ಹೊಡೆಯುವುದು, ಹೊಗೆ ಹಾಕುವುದು, ಕೋಣೆಯಲ್ಲಿ ಕಟ್ಟಿಹಾಕುವುದು ಶುರುವಾದರೆ ಅದು ಅಪರಾಧ. ತಮಿಳುನಾಡಿನ ಏರ್ವಾಡಿಯ ಹೆಸರು ನಮ್ಮಲ್ಲಿ ಅನೇಕ ಹಿರಿಯರಿಗೆ ಗೊತ್ತು. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರನ್ನು ಸರಪಳಿಯಲ್ಲಿ ಬಿಗಿದಿದ್ದರು, ಓಡಲಿಕ್ಕೆ ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈಗ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ರಮಝಾನ್ ತಿಂಗಳಲ್ಲಿ ಇನ್ನೊಂದು ತೊಂದರೆ. ಉಪವಾಸ ಹಿಡಿಯಲಿಕ್ಕೆ ಅಂತ ಮಾತ್ರೆ ತಾವೇ ನಿಲ್ಲಿಸುವವರುಂಟು. ಹೆಚ್ಚಿನ ಮಾತ್ರೆಗಳ ಹೊತ್ತನ್ನು ಇಫ್ತಾರ್ ಮತ್ತು ಸಹರಿಗೆ ಹೊಂದಿಸಿಕೊಡಲು ಡಾಕ್ಟರಿಗೆ ಆಗುತ್ತದೆ, ಮೊದಲೇ ಕೇಳಬೇಕು. ಲಿಥಿಯಂ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಲೇಬಾರದು. ಮೈಯಲ್ಲಿ ನೀರು ಕಡಿಮೆಯಾದರೆ ಆ ಮದ್ದು ರಕ್ತದಲ್ಲಿ ಏರಿ ವಿಷವಾಗಬಹುದು. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಉಸ್ತಾದರಿಗೂ ಗೊತ್ತಿರುವ ವಿಷಯವೇ.

‘ನಾಳೆ ಸಂಬಂಧ ಬರಬೇಕಲ್ಲ’

ಡಾಕ್ಟರಲ್ಲಿಗೆ ಹೋಗದಿರಲು ಮನೆಯವರು ಹೊರಗೆ ಹೇಳುವ ಕಾರಣಗಳು ನೂರು, ಒಳಗಿನ ಕಾರಣ ಹೆಚ್ಚಾಗಿ ಒಂದೇ: ಮದುವೆ. ಹುಡುಗಿ ಮನೋವೈದ್ಯರ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕೂತದ್ದನ್ನು ಒಬ್ಬರು ಪರಿಚಯದವರು ನೋಡಿದರೆ ಸಾಕು. ಹಾಗಾಗಿ ಪುತ್ತೂರಿನವರು ಮಂಗಳೂರಿಗೆ, ಮಂಗಳೂರಿನವರು ಕಾಸರಗೋಡಿಗೋ ಮೈಸೂರಿಗೋ ಹೋಗುತ್ತಾರೆ. ಎರಡನೇ ಸಲ ಅಷ್ಟು ದೂರ ಹೋಗಲಿಕ್ಕೆ ಆಗುವುದಿಲ್ಲ, ಚಿಕಿತ್ಸೆ ಅಲ್ಲಿಗೆ ನಿಲ್ಲುತ್ತದೆ.

ಹುಡುಗಿಯರ ಪಾಡು ಹುಡುಗರಿಗಿಂತ ಇಕ್ಕಟ್ಟಿನದು. ಹುಡುಗ ಬೈಕ್ ತೆಗೆದುಕೊಂಡು ಯಾರಿಗೂ ಹೇಳದೆ ಒಂದು ಕ್ಲಿನಿಕ್‌ಗೆ ಹೋಗಿ ಬರಬಹುದು. ಹುಡುಗಿ ಡಾಕ್ಟರಲ್ಲಿಗೆ ಹೋಗುವುದಿದ್ದರೆ ಯಾರಾದರೂ ಜೊತೆಗೆ ಬೇಕು, ಯಾಕೆ ಅಂತ ಹೇಳಬೇಕು, ಒಳಗೂ ಉಮ್ಮನೋ ಮಾಮಿಯೋ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಎದುರಿಗೆ ಅವಳು ಎಂತ ಹೇಳಬೇಕು? ಡಾಕ್ಟರು ‘ಸ್ವಲ್ಪ ಹೊತ್ತು ಹೊರಗೆ ಇರಿ’ ಅಂದರೆ ಬೇಜಾರು ಮಾಡಬೇಡಿ, ಎದ್ದು ಹೊರಗೆ ಬನ್ನಿ. ನಿಕಾಹ್ ಆಗಿ ಗಂಡ ನಾಲ್ಕು ವಾರದ ರಜೆ ಮುಗಿಸಿ ಹೋದ ಮೇಲೆ, ಹೊಸ ಮನೆಯಲ್ಲಿ, ಒಂದು ಹೆರಿಗೆಯೂ ಆದ ಹುಡುಗಿಯ ಪ್ರಾಯ ಎಷ್ಟು? ಅನೇಕ ಕಡೆ 21, 22. ಬಾಣಂತನದಲ್ಲಿ ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಮಗುವನ್ನು ನೋಡಲಿಕ್ಕೇ ಮನಸ್ಸಿಲ್ಲದಿದ್ದರೆ, ಅದು ‘ಬಾಣಂತಿಯ ಹಠ’ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆ, ಮೊಲೆಯುಣಿಸುವ ತಾಯಿಗೂ ಹೊಂದುವ ಮದ್ದುಗಳುಂಟು.

ಮುಚ್ಚಿಟ್ಟು ಮದುವೆ ಮಾಡುವುದರಿಂದ ಏನಾಗುತ್ತದೆ ಎಂಬುದನ್ನು ಜಮಾಅತ್ ಕಮಿಟಿಯಲ್ಲಿ ಕೂತವರನ್ನೇ ಕೇಳಿ. ಮದುವೆಯ ಓಡಾಟದಲ್ಲಿ ಮಾತ್ರೆ ನಿಲ್ಲುತ್ತದೆ, ಕೆಲವೇ ವಾರದಲ್ಲಿ ಕಾಯಿಲೆ ಮರುಕಳಿಸುತ್ತದೆ, ಆಮೇಲೆ ‘ಮೋಸ ಮಾಡಿದಿರಿ’ ಎಂಬ ಪಂಚಾಯಿತಿ. ಮದ್ದು ತೆಗೆದುಕೊಂಡು ಚೆನ್ನಾಗಿರುವ ಹುಡುಗಿಗಿಂತ ಮದ್ದು ಬಿಟ್ಟು ಮುಚ್ಚಿಟ್ಟ ಹುಡುಗಿಯ ಸಂಸಾರಕ್ಕೆ ಅಪಾಯ ಹೆಚ್ಚು, ಇದು ನನ್ನ ಖಚಿತ ಅಭಿಪ್ರಾಯ. ಹುಡುಗರಿಗೂ ಇದೇ ಮಾತು.

ಯಾವ ಊರಿನವರೂ ಅಲ್ಲದ ಮಕ್ಕಳು

ನಮ್ಮಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಗುಂಪುಂಟು: ಗಲ್ಫಿನಲ್ಲಿ ಬೆಳೆದು ಊರಿಗೆ ವಾಪಸಾದ ಮಕ್ಕಳು. 2017ರ ಜುಲೈಯಲ್ಲಿ ಸೌದಿ ಅರೇಬಿಯ ವಿದೇಶಿ ನೌಕರರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷಕ್ಕೆ 100ರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದವರಿಗೆ ತಿಂಗಳಿಗೆ 1,600 ರಿಯಾಲ್. ಎಷ್ಟೋ ಕುಟುಂಬಗಳು ಗಂಡನೊಬ್ಬನನ್ನು ಅಲ್ಲಿ ಬಿಟ್ಟು ಊರಿಗೆ ಬಂದವು.

ಜುಬೈಲ್, ದಮ್ಮಾಮ್‌ನ ಇಂಡಿಯನ್ ಸ್ಕೂಲಿನಲ್ಲಿ ಓದಿದ ಮಗುವಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ತುಳು ಬರುವುದಿಲ್ಲ, ಅದರ ಬ್ಯಾರಿ ಮಾತಿಗೆ ಇಲ್ಲಿನ ಸೋದರರೇ ನಗುತ್ತಾರೆ. ಅಲ್ಲಿ ಅದು ‘ಹಿಂದಿ’, ಇಲ್ಲಿ ‘ಗಲ್ಫ್ ಪಾರ್ಟಿ’. ಉಪ್ಪನ ಮುಖ ಮೊಬೈಲಿನಲ್ಲಿ ಮಾತ್ರ. ಹತ್ತನೇ ತರಗತಿ ಮುಗಿದ ಕೂಡಲೇ ಅದನ್ನು ನೀಟ್ ಕೋಚಿಂಗಿನ ಪಿಯು ಹಾಸ್ಟೆಲಿಗೆ ಹಾಕುತ್ತೇವೆ. ಬೆಳಗ್ಗೆ ಐದಕ್ಕೆ ಏಳಬೇಕು, ರಾತ್ರಿ ಹತ್ತರವರೆಗೆ ಸ್ಟಡಿ, ವಾರಕ್ಕೊಂದು ಟೆಸ್ಟ್, ನೋಟಿಸ್ ಬೋರ್ಡಿನಲ್ಲಿ ರ‍್ಯಾಂಕು, ಮೊಬೈಲ್ ಇಲ್ಲ. ‘ಮಗನನ್ನು ಡಾಕ್ಟರ್ ಮಾಡಬೇಕು’ ಎಂಬ ಆಸೆ ತಪ್ಪಲ್ಲ. ಒಂದು ತಲೆಮಾರಿನ ಹಿಂದೆ ಮೀನು ಮಾರಿದ, ಬೀಡಿ ಕಟ್ಟಿದ ಮನೆಗಳಿಂದ ಇಂದು ಡಾಕ್ಟರುಗಳು ಬಂದಿದ್ದಾರೆ, ಅದು ಹೆಮ್ಮೆಯ ವಿಷಯವೇ. ಆದರೆ ಆ ಮಗು ಮೊದಲ ರಜೆಗೆ ಬಂದಾಗ ‘ನಾನು ವಾಪಸು ಹೋಗುವುದಿಲ್ಲ’ ಅಂದರೆ ಸೋಮಾರಿತನ ಅಂತ ತೀರ್ಮಾನಿಸುವ ಮೊದಲು ಒಂದು ದಿನ ಕೂತು ಕೇಳಬೇಕು.

ಸೀಟು ಮಾಡುವಾಗ ಫೀಸು, ರಿಸಲ್ಟ್, ಹಲಾಲ್ ಊಟ, ಜುಮಾಕ್ಕೆ ಬಿಡ್ತಾರಾ ಅಂತ ಕೇಳುತ್ತೇವಲ್ಲ, ಜೊತೆಗೆ ಇದನ್ನೂ ಕೇಳಿ: ‘ನಿಮ್ಮಲ್ಲಿ ಕೌನ್ಸೆಲರ್ ಯಾರು?’ ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿನ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರನ್ನೋ ಮನಶ್ಶಾಸ್ತ್ರಜ್ಞರನ್ನೋ ನೇಮಿಸಬೇಕು, ಸಹಾಯವಾಣಿ ನಂಬರು ಹಾಸ್ಟೆಲಿನಲ್ಲಿ ಕಾಣುವ ಹಾಗೆ ಹಾಕಬೇಕು. ಕೋಚಿಂಗ್ ಸೆಂಟರಿಗೂ ಇದು ಅನ್ವಯ. ಕೇಳುವವರಿದ್ದರೆ ಮಾತ್ರ ಇಂಥದ್ದು ಜಾರಿಗೆ ಬರುತ್ತದೆ.

ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು?

ಹೊರಗೆ ಹೋಗಲಿಕ್ಕೇ ನಾಚಿಕೆ ಅಥವಾ ಹೆದರಿಕೆ ಇದ್ದರೆ ಫೋನಿನಿಂದ ಶುರು ಮಾಡಬಹುದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು, ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ನಂಬರು 14416, ಅಥವಾ 1800-891-4416. ದಿನದ 24 ಗಂಟೆ, ಉಚಿತ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಬ್ಯಾರಿ ಭಾಷೆ ಅದರಲ್ಲಿಲ್ಲ. ಆದರೆ ಕನ್ನಡ ಉಂಟು, ಮಲಯಾಳಂ ಉಂಟು. ಮನಸ್ಸಿನ ಮಾತು ಕನ್ನಡದಲ್ಲಿ ಬಾರದವರಿಗೆ, ಮುಖ್ಯವಾಗಿ ಗಡಿ ಕಡೆಯ ಹೆಂಗಸರಿಗೆ, ಮಲಯಾಳಂ ಆರಿಸಿಕೊಂಡರೆ ಸುಲಭವಾಗಬಹುದು. ಆಸ್ಪತ್ರೆಯಲ್ಲಿಯೂ ‘ಬ್ಯಾರಿ ಗೊತ್ತಿರುವ ಡಾಕ್ಟರು ಇದ್ದಾರಾ’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ‘ಖಲ್ಬ್ ಹಿಡಿದ ಹಾಗೆ ಆಗ್ತದೆ’ ಅಂದರೆ ಎದೆನೋವಾ ಸಂಕಟವಾ ಅಂತ ಕೂಡಲೇ ಅರ್ಥ ಆಗುವುದು ಮಾತೃಭಾಷೆಯವರಿಗೇ.

ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಉಂಟು. ತಾಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲೂಕಿನಲ್ಲಿ ಯಾವ ಹೊತ್ತಿಗೆ ಅಂತ ಮೊದಲೇ ವಿಚಾರಿಸಿ ಹೋಗಿ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಉಂಟು. ದೇರಳಕಟ್ಟೆಯ ಯೆನೆಪೋಯ, ಕಣಚೂರು ಸೇರಿ ನಮ್ಮ ಸುತ್ತಿನ ಎಲ್ಲ ಮೆಡಿಕಲ್ ಕಾಲೇಜುಗಳಲ್ಲೂ ಈ ವಿಭಾಗ ಇರುತ್ತದೆ. ಇಷ್ಟೊಂದು ಮೆಡಿಕಲ್ ಕಾಲೇಜು ಒಂದೇ ಜಿಲ್ಲೆಯಲ್ಲಿ ಇರುವ ಊರು ದೇಶದಲ್ಲಿ ಹೆಚ್ಚಿಲ್ಲ. ದೂರ ಅನ್ನುವ ನೆಪ ನಮಗಿಲ್ಲ.

ಯಾರ ಹತ್ತಿರ ಹೋಗಬೇಕು ಎಂಬ ಗೊಂದಲವೂ ಉಂಟು. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮೇಲೆ ಓದಿದ ಡಾಕ್ಟರು. ಮದ್ದು ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ, ಮದ್ದು ಬರೆಯುವುದಿಲ್ಲ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ, ಖಿನ್ನತೆಯ ಮಾತ್ರೆ ಕೆಲಸ ಮಾಡಲಿಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹತ್ತು ದಿನ ತಿಂದು ‘ಗುಣ ಇಲ್ಲ’ ಅಂತ ಬಿಡುವವರೇ ಹೆಚ್ಚು. ‘ಚಟ ಹಿಡಿಯುತ್ತದೆ’ ಎಂಬ ಹೆದರಿಕೆ ನಿದ್ದೆ ಮಾತ್ರೆಗಳ ವಿಷಯದಲ್ಲಿ ನಿಜ. ಖಿನ್ನತೆಯ ಮಾತ್ರೆ ಆ ಜಾತಿಯದ್ದಲ್ಲ. ಆದರೂ ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ನಿಧಾನ ಇಳಿಸಬೇಕು.

ಗುಟ್ಟು ಹೊರಗೆ ಹೋಗುತ್ತದಾ? 2017ರ ಕಾಯ್ದೆ ಪ್ರಕಾರ ರೋಗಿಯ ಮಾಹಿತಿ ಗೋಪ್ಯವಾಗಿಡುವುದು ಆಸ್ಪತ್ರೆಯ ಕರ್ತವ್ಯ. 18 ತುಂಬಿದವರು ಮನೆಯವರನ್ನು ಕರೆದುಕೊಂಡು ಹೋಗದೆಯೂ ತಾವೇ ಹೋಗಿ ತೋರಿಸಬಹುದು. ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವರ ಮೇಲೆ ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ತರುವುದು ತಡ ಮಾಡುವವರು, ಎಂತ ಕುಡಿದದ್ದು ಅಂತ ಸುಳ್ಳು ಹೇಳುವವರು ಈಗಲೂ ಇದ್ದಾರೆ. ಅದರಿಂದ ಜೀವವೇ ಹೋಗಬಹುದು. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಅಂತ ಆ ಕಾಯ್ದೆಯೇ ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಸೆಕ್ಷನ್ ಇಲ್ಲ. ಆಸ್ಪತ್ರೆಯವರು ನಿಯಮದ ಪ್ರಕಾರ ಪೊಲೀಸರಿಗೆ ತಿಳಿಸಬಹುದು, ಅದನ್ನು ಮಗುವಿನ ಮೇಲಿನ ಕೇಸು ಅಂತ ತಿಳಿಯಬೇಡಿ.

ಕಡಲಾಚೆಯ ರೂಮಿನಲ್ಲಿ

ಗಲ್ಫಿಗೆ ಹೊರಟ ಯುವಕರು ಹೆದರುವುದು ಮೆಡಿಕಲ್‌ಗೆ. ಗಲ್ಫ್ ದೇಶಗಳ ವೈದ್ಯಕೀಯ ತಪಾಸಣೆಯ ‘ಅನ್‌ಫಿಟ್’ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳೂ ಇರುವುದು ನಿಜ, ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಪರೀಕ್ಷೆಯ ಆತಂಕಕ್ಕೋ ನಿದ್ದೆ ಬಾರದ್ದಕ್ಕೋ ಒಬ್ಬ ಕೌನ್ಸೆಲರನ್ನು ಕಂಡದ್ದು ಬೇರೆ, ತೀವ್ರ ಕಾಯಿಲೆ ಬೇರೆ. ವೀಸಾಕ್ಕೋಸ್ಕರ ಮದ್ದು ಬಿಟ್ಟು ವಿಮಾನ ಹತ್ತಿದವನಿಗೆ ಅಲ್ಲಿ, ಎಂಟು ಜನರ ಬ್ಯಾಚುಲರ್ ರೂಮಿನಲ್ಲಿ, ಕಾಯಿಲೆ ಮರುಕಳಿಸಿದರೆ ನೋಡಿಕೊಳ್ಳುವವರು ಯಾರು? ಹೋಗಬಹುದಾ, ಯಾವಾಗ ಹೋಗಬಹುದು ಎಂಬುದನ್ನು ನೋಡುತ್ತಿರುವ ಡಾಕ್ಟರಲ್ಲಿ ಬಿಚ್ಚಿ ಕೇಳಿ.

ಅಲ್ಲಿರುವವರಿಗೆ 14416 ಸಿಗುವುದಿಲ್ಲ. ಯುಎಇಯಲ್ಲಿರುವ ಭಾರತೀಯರಿಗೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರು 800 46342. ಸಂಬಳ, ಕಾನೂನು ವಿಷಯಗಳ ಜೊತೆ ಮನಸ್ಸಿನ ಕಷ್ಟಕ್ಕೂ ಅಲ್ಲಿ ಸಲಹೆ ಸಿಗುತ್ತದೆ. ಬೇರೆ ದೇಶದವರು ಭಾರತೀಯ ರಾಯಭಾರ ಕಚೇರಿಯಲ್ಲಿ ವಿಚಾರಿಸಬೇಕು. ರೂಮಿನಲ್ಲಿರುವ ಕಾಕಂದಿರು ಹೊಸಬನೊಬ್ಬ ಊಟಕ್ಕೆ ಏಳುತ್ತಿಲ್ಲ, ಮನೆಗೆ ಫೋನ್ ಮಾಡುವುದು ಬಿಟ್ಟಿದ್ದಾನೆ ಅಂತ ಕಂಡರೆ ಅವನ ಮನೆಯವರಿಗಿಂತ ಮೊದಲು ತಿಳಿಯುವವರು ನೀವೇ.

ಮಾತ್ರೆ ತೆಗೆದುಕೊಂಡು ಹೋಗುವವರು ಡಾಕ್ಟರ ಚೀಟಿ, ಕಾಯಿಲೆಯ ಪತ್ರ ಎರಡನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಂಡು ಜೊತೆಗಿಡಿ. ಅಲ್ಪ್ರಜೋಲಮ್, ಕ್ಲೋನಜೆಪಮ್‌ನಂಥ ಮಾತ್ರೆಗಳು ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಯುಎಇಗೆ ಅಂಥದ್ದನ್ನು ಒಯ್ಯಲು ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ರಜೆ ಮುಗಿಸಿ ಹೊರಟ ನೆರೆಮನೆಯ ಹುಡುಗನ ಕೈಯಲ್ಲಿ ಹಲ್ವ, ಉಪ್ಪಿನಕಾಯಿಯ ಜೊತೆಗೆ ‘ಇದೊಂದು ಅವನಿಗೆ ಕೊಡು’ ಅಂತ ಮಾತ್ರೆಯ ಸ್ಟ್ರಿಪ್ ಕಟ್ಟಿ ಕಳುಹಿಸಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಅವನು.